8,150 ದಿನಗಳ ಲೆಕ್ಕ

8,150 ದಿನ. ಕಲಬುರಗಿಯ ನಿಸಾರುದ್ದೀನ್ ಅಹ್ಮದ್ 2016ರ ಮೇ 17ರಂದು ಜೈಪುರದ ಜೈಲಿನಿಂದ ಹೊರಗೆ ಬಂದರು. ತಮ್ಮ ಬದುಕಿನಿಂದ ಕಳೆದುಹೋದ ಕಾಲವನ್ನು ಅವರು ಹೀಗೆ ದಿನದ ಲೆಕ್ಕದಲ್ಲಿ ಹೇಳಿದರು. ಇಪ್ಪತ್ತೆರಡು ವರ್ಷ ದಾಟಿತ್ತು ಎಂದಿದ್ದರೆ ಅಯ್ಯೋ ಪಾಪ ಅಂದುಕೊಂಡು ನಾವು ಪುಟ ತಿರುವಿಬಿಡುತ್ತಿದ್ದೆವೇನೋ. ದಿನಗಳನ್ನು ಎಣಿಸಿದ ಮನುಷ್ಯನ ಮುಂದೆ ಹಾಗೆ ಎದ್ದು ಹೋಗಲು ಆಗುವುದಿಲ್ಲ. ಗಂಟೆಗೆ ಇಳಿಸಿದರೆ ಅದು 1,95,600 ಗಂಟೆ.

1994ರ ಜನವರಿ 15ರಂದು ಪೊಲೀಸರು ಹಿಡಿದಾಗ ಆ ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಫಾರ್ಮಸಿ ಎರಡನೇ ವರ್ಷ ಓದುತ್ತಿದ್ದ, ಪರೀಕ್ಷೆ ಹತ್ತಿರವಿತ್ತು. ಬಾಬರಿ ಮಸೀದಿ ಉರುಳಿ ಒಂದು ವರ್ಷವಾದ ಹೊತ್ತಿಗೆ, 1993ರ ಡಿಸೆಂಬರ್ 5 ಮತ್ತು 6ರ ನಡುವಿನ ರಾತ್ರಿ, ರೈಲುಗಳಲ್ಲಿ ಬಾಂಬ್ ಸಿಡಿದು ಇಬ್ಬರು ಪ್ರಯಾಣಿಕರು ಸತ್ತಿದ್ದರು. ಆ ಪ್ರಕರಣದಲ್ಲಿ ಅವನನ್ನು ಸೇರಿಸಿದರು. ಭಯೋತ್ಪಾದನೆ ನಿಗ್ರಹದ ಟಾಡಾ ಕಾನೂನು ಹೇರಿದರು. ಅಣ್ಣನನ್ನೂ ಹಿಡಿದರು. ಅಜ್ಮೇರಿನ ಟಾಡಾ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. 2016ರ ಮೇ 11ರಂದು ಸುಪ್ರೀಂ ಕೋರ್ಟ್, ಪೊಲೀಸರ ವಶದಲ್ಲಿದ್ದಾಗ ಪಡೆದ ತಪ್ಪೊಪ್ಪಿಗೆಯನ್ನು ನೆಚ್ಚಿ ಶಿಕ್ಷೆ ಕೊಡಲಾಗದು ಎಂದು ಅವರನ್ನು ಬಿಡುಗಡೆ ಮಾಡಿತು. ಒಳಗೆ ಹೋದವನು ಹುಡುಗ, ಹೊರಗೆ ಬಂದವರು ನಲವತ್ತು ದಾಟಿದ ಗಂಡಸು. ಮಕ್ಕಳಿಗಾಗಿ ಕೋರ್ಟು ಕಚೇರಿ ಅಲೆದ ತಂದೆ 2006ರಲ್ಲೇ ತೀರಿಕೊಂಡಿದ್ದರು.

ಈ 8,150 ದಿನ ಎಷ್ಟು ಉದ್ದವೆಂದು ತಿಳಿಯಲು ನಾನು ಅದನ್ನು ನಮ್ಮ ಶಿವಮೊಗ್ಗ ಸೀಮೆಯ ಮೇಲೆ ಹಾಸಿ ನೋಡುತ್ತೇನೆ. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ಬರುವಂಥದ್ದು. ಆ ಅವಧಿಯಲ್ಲಿ ಅದು ಏಳು ಸಲ ನಡೆದುಹೋಯಿತು. ಕುಂಸಿಯ ಮೇಲೆ ಹಾಯುವ ಶಿವಮೊಗ್ಗ–ತಾಳಗುಪ್ಪ ರೈಲುಹಳಿ ಮೀಟರ್‌ಗೇಜ್ ಆಗಿತ್ತು, ಕಿತ್ತು ಬ್ರಾಡ್‌ಗೇಜ್ ಮಾಡಿದರು. ಚನ್ನಗಿರಿ ನಮ್ಮ ಜಿಲ್ಲೆಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ವೀರಪ್ಪ ಮೊಯಿಲಿಯವರಿಂದ ಸಿದ್ದರಾಮಯ್ಯನವರವರೆಗೆ ಹತ್ತು ಮಂದಿ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂತರು. ಜೆ.ಎಚ್. ಪಟೇಲರು, ಯಡಿಯೂರಪ್ಪನವರು, ನಮ್ಮವರೇ ಇಬ್ಬರು ಬಂದು ಹೋದರು. ಗುಲ್ಬರ್ಗ ಕಲಬುರಗಿಯಾಯಿತು, ಶಿಮೊಗ್ಗ ಶಿವಮೊಗ್ಗವಾಯಿತು. ಆ ಹುಡುಗ ಜೈಲಿಗೆ ಹೋದಾಗ ಭದ್ರಾವತಿಯ ಎಂಪಿಎಂ ಪತ್ರಿಕೆಗಳಿಗೆ ಕಾಗದ ಮಾಡುತ್ತಿತ್ತು. ಅವರು ಬಿಡುಗಡೆಯಾದ ಸುದ್ದಿ ಅಚ್ಚಾಗುವ ಹೊತ್ತಿಗೆ ಆ ಕಾರ್ಖಾನೆಯ ಯಂತ್ರಗಳು ನಿಂತುಹೋಗಿದ್ದವು. ಒಂದು ಕಾಗದದ ಕಾರ್ಖಾನೆಯ ಉಸಿರು ನಿಂತ ಮೇಲೂ ಒಬ್ಬ ಕೈದಿಯ ಮೊಕದ್ದಮೆ ಬಾಳಿತ್ತು ಎಂಬುದನ್ನು ಬರೆಯುವಾಗಲೂ ನನಗೆ ನಂಬಲು ಕಷ್ಟವಾಗುತ್ತದೆ.

ಇನ್ನೊಬ್ಬರು ನಮಗೆ ಇನ್ನೂ ಹತ್ತಿರದವರು, ಪಕ್ಕದ ಜಿಲ್ಲೆಯ ಮೂಡಿಗೆರೆಯವರು. ಡಾ. ಮೊಹಮ್ಮದ್ ಹನೀಫ್ ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಇಂಗ್ಲೆಂಡಿನಲ್ಲಿ ದುಡಿದು, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದ್ದರು. 2007ರ ಜೂನ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು. ಮಗುವಿನ ಮುಖ ನೋಡಲು ಹೊರಟವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಅದಕ್ಕೆ ಎರಡು ದಿನ ಮೊದಲು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಹೊತ್ತಿ ಉರಿಯುವ ಜೀಪೊಂದು ನುಗ್ಗಿತ್ತು. ಜೀಪು ಓಡಿಸಿದವನು ಹನೀಫರಿಗೆ ದೂರದ ಸಂಬಂಧಿ, ದಾವಣಗೆರೆಯ ಯುಬಿಡಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವನು. ಅವನ ಅಪರಾಧದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಮೈ ಸುಟ್ಟುಕೊಂಡು ಆಸ್ಪತ್ರೆಯಲ್ಲೇ ಸತ್ತ.

ಹನೀಫರ ಮೇಲಿದ್ದ ಆರೋಪ ಒಂದು ಸಿಮ್ ಕಾರ್ಡಿನದು. ಒಂದು ವರ್ಷದ ಹಿಂದೆ ಇಂಗ್ಲೆಂಡ್ ಬಿಡುವಾಗ, ಇನ್ನೂ ಮಾತಿನ ನಿಮಿಷಗಳು ಉಳಿದಿದ್ದ ಸಿಮ್ಮನ್ನು ಆ ಜೀಪಿನವನ ತಮ್ಮನಿಗೆ ಕೊಟ್ಟು ಬಂದಿದ್ದರು. ದೇಶ ಬಿಟ್ಟು ದೇಶಕ್ಕೆ ಹೋಗುವ ನಮ್ಮ ಹುಡುಗರು ಇದನ್ನು ಇವತ್ತಿಗೂ ಮಾಡುತ್ತಾರೆ. ಆ ಸಿಮ್ ಉರಿದ ಜೀಪಿನಲ್ಲೇ ಸಿಕ್ಕಿತೆಂದು ಸರ್ಕಾರದ ವಕೀಲರು ಕೋರ್ಟಿಗೆ ಹೇಳಿದರು. ನಿಜವಾಗಿ ಅದು ಸಿಕ್ಕಿದ್ದು ಲಿವರ್‌ಪೂಲಿನಲ್ಲಿ, ಗ್ಲಾಸ್ಗೋದಿಂದ ಸುಮಾರು 300 ಕಿಲೋಮೀಟರ್ ಆಚೆ. ಕುಂಸಿಯಲ್ಲಿ ಸಿಕ್ಕಿದ ವಸ್ತುವನ್ನು ಬೆಂಗಳೂರಿನ ಘಟನಾ ಸ್ಥಳದಲ್ಲಿ ಸಿಕ್ಕಿತೆಂದು ನ್ಯಾಯಾಧೀಶರ ಮುಂದೆ ಹೇಳಿದರೆ ಎಷ್ಟು ದೂರದ ತಪ್ಪೋ ಅಷ್ಟು ದೂರದ ತಪ್ಪು.

ಆ ತಪ್ಪಿನ ಮೇಲೆ ಕಟ್ಟಿದ ತನಿಖೆಯ ಗಾತ್ರ ನೋಡಿ. 600ಕ್ಕೂ ಹೆಚ್ಚು ಪೊಲೀಸರು ಮತ್ತು ಸಿಬ್ಬಂದಿ. 300ಕ್ಕೂ ಹೆಚ್ಚು ಸಾಕ್ಷಿ ಹೇಳಿಕೆ. 600 ಗಿಗಾಬೈಟ್ ಮೀರಿದ ಕಂಪ್ಯೂಟರ್ ಮಾಹಿತಿ. ಫೆಡರಲ್ ಪೊಲೀಸರ ಖರ್ಚೇ 82 ಲಕ್ಷ ಆಸ್ಟ್ರೇಲಿಯನ್ ಡಾಲರ್, ಅಂದಿನ ದರದಲ್ಲಿ 25 ಕೋಟಿ ರೂಪಾಯಿಗೂ ಮಿಗಿಲು. ಇಷ್ಟೆಲ್ಲ ಒಬ್ಬ ಮೂಡಿಗೆರೆ ಡಾಕ್ಟರನ ಸುತ್ತ. ಆರೋಪ ಹೊರಿಸದೆಯೇ ಹನ್ನೆರಡು ದಿನ ಒಳಗಿಟ್ಟರು. ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರೆ, ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ವೀಸಾ ರದ್ದು ಮಾಡಿ ಹೊರಗೆ ಬಾರದಂತೆ ಮಾಡಿದರು. ಜುಲೈ 27ಕ್ಕೆ ಆರೋಪ ಬಿದ್ದುಹೋಯಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಮರುವರ್ಷ ಕೊಟ್ಟ ತನಿಖಾ ವರದಿಯಲ್ಲಿ ಇನ್ನೊಂದು ಸಂಗತಿ ಹೊರಬಂತು. ಹನೀಫರ ವಿರುದ್ಧ ತನ್ನ ಬಳಿ ಏನೂ ಇಲ್ಲವೆಂದು ಆ ದೇಶದ ಗುಪ್ತಚರ ಸಂಸ್ಥೆ ಆರೋಪ ಹೊರಿಸುವುದಕ್ಕೂ ಮೊದಲೇ, ಜುಲೈ 11ರಂದೇ, ಸರ್ಕಾರಕ್ಕೆ ಬರೆದುಕೊಟ್ಟಿತ್ತು. ನನ್ನನ್ನು ತಡೆದು ನಿಲ್ಲಿಸುವುದು ಕೋಟಿಗಳ ಲೆಕ್ಕಕ್ಕಿಂತ ಇದೇ. ಉತ್ತರ ಕೈಯಲ್ಲಿತ್ತು. ಓದಬೇಕಾದವರಿಗೆ ಓದುವ ಮನಸ್ಸಿರಲಿಲ್ಲ.

ಆ ಕಥೆಯನ್ನು ಬಿಚ್ಚಿದ್ದು ಪತ್ರಕರ್ತರೇ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಹನೀಫರ ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ 142 ಪುಟಗಳ ದಾಖಲೆಯನ್ನು ‘ದಿ ಆಸ್ಟ್ರೇಲಿಯನ್’ ಪತ್ರಿಕೆಯ ಹೆಡ್ಲಿ ಥಾಮಸರ ಕೈಗಿತ್ತರು. ಥಾಮಸ್ ಕೂತು ಅಷ್ಟೂ ಪುಟ ಓದಿದರು. ಪೊಲೀಸರು ಹೇಳಿದ್ದಕ್ಕೂ ಅದರಲ್ಲಿದ್ದದ್ದಕ್ಕೂ ತಾಳೆಯಾಗಲಿಲ್ಲ. ಸಿಮ್ ಸಿಕ್ಕಿದ ಜಾಗದ ಸುಳ್ಳನ್ನು ಎಬಿಸಿಯ ರಫೇಲ್ ಎಪ್‌ಸ್ಟೈನ್ ಬಯಲಿಗೆಳೆದರು. ಆ ವರ್ಷ ಅಲ್ಲಿನ ಪತ್ರಿಕೋದ್ಯಮದ ಅತ್ಯುನ್ನತ ಗೌರವ ಥಾಮಸರಿಗೆ ಸಂದಿತು. ಮಾಧ್ಯಮಕ್ಕೆ ಇದು ಆಗದ ಕೆಲಸವಲ್ಲ. 142 ಪುಟ ಓದುವ ತಾಳ್ಮೆ ಸಾಕಿತ್ತು.

ಬೆಂಗಳೂರಿನಲ್ಲಿ 2012ರಲ್ಲಿ ಆ ತಾಳ್ಮೆ ಎಷ್ಟಿತ್ತು? ಆಗಸ್ಟ್ 29ರಂದು ಭಯೋತ್ಪಾದನೆಯ ಸಂಚಿನ ಆರೋಪದ ಮೇಲೆ ಬಂಧಿತರಾದವರಲ್ಲಿ ‘ಡೆಕ್ಕನ್ ಹೆರಾಲ್ಡ್’ನ ಶಿಕ್ಷಣ ವರದಿಗಾರ ಮುತಿಉರ್ ರಹಮಾನ್ ಸಿದ್ದಿಕಿ ಇದ್ದರು. ಪತ್ರಕರ್ತನಾಗಿದ್ದವರನ್ನು ಪತ್ರಕರ್ತರೇ ಸಂಚಿನ ಸೂತ್ರಧಾರ ಎಂದು ಬರೆದರು. ಆರು ತಿಂಗಳಾದ ಮೇಲೆ, ಸಾಕ್ಷ್ಯವಿಲ್ಲವೆಂದು ಎನ್‌ಐಎ ಆರೋಪಪಟ್ಟಿಯಿಂದ ಅವರ ಹೆಸರು ಬಿಟ್ಟಿತು. 2013ರ ಫೆಬ್ರುವರಿ 25ಕ್ಕೆ ಹೊರಬಂದರು. ಅದೇ ಪ್ರಕರಣದಲ್ಲಿ 13 ಮಂದಿ ಮುಂದೆ ತಪ್ಪೊಪ್ಪಿಕೊಂಡು ಐದು ವರ್ಷ ಶಿಕ್ಷೆ ಪಡೆದರು. ಇದನ್ನು ಹೇಳದೆ ಬಿಟ್ಟರೆ ನಾನು ಓದುಗರಿಗೆ ಅರ್ಧ ಸತ್ಯ ಕೊಟ್ಟಂತೆ. ಸಂಚೊಂದು ನಿಜವಿರಬಹುದು, ಅದರಲ್ಲಿ ಹಿಡಿದ ಮನುಷ್ಯ ನಿರಪರಾಧಿಯೂ ಇರಬಹುದು. ಈ ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳುವ ಕೆಲಸಕ್ಕೇ ಪತ್ರಿಕೆ ಎನ್ನುವುದು.

ಮಾಧ್ಯಮದ ಪಕ್ಷಪಾತಕ್ಕೆ ಅಳತೆಯೂ ಉಂಟು. ಸಂಶೋಧಕಿ ಎರಿನ್ ಕೀರ್ನ್ಸ್ ಮತ್ತು ಇಬ್ಬರು ಸಂಗಡಿಗರು ಅಮೆರಿಕದಲ್ಲಿ 2006ರಿಂದ 2015ರವರೆಗೆ ನಡೆದ 136 ಭಯೋತ್ಪಾದಕ ಕೃತ್ಯಗಳ ಸುದ್ದಿಗಳನ್ನು ಎಣಿಸಿದರು. ಸತ್ತವರ ಸಂಖ್ಯೆ, ಗುರಿಯಾದವರು ಯಾರು ಎಂಬುದನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ, ಕೃತ್ಯ ಎಸಗಿದವನು ಮುಸ್ಲಿಮನಾಗಿದ್ದರೆ ಸುದ್ದಿ ಸರಾಸರಿ 357 ಶೇಕಡಾ ಹೆಚ್ಚು. ಬೇರೆಯವನ ಬಗ್ಗೆ ಎರಡು ಸುದ್ದಿಯಾದರೆ ಇವನ ಬಗ್ಗೆ ಒಂಬತ್ತು. ನಾರ್ವೆಯಲ್ಲಿ 2011ರ ಜುಲೈ 22ರಂದು 77 ಜನರನ್ನು ಕೊಂದವನು ವಲಸೆಗಾರರನ್ನೂ ಮುಸ್ಲಿಮರನ್ನೂ ದ್ವೇಷಿಸುತ್ತಿದ್ದ ನಾರ್ವೆಯವನೇ. ಅದು ತಿಳಿಯುವ ಮೊದಲೇ ಲಂಡನ್ನಿನ ‘ದಿ ಸನ್’ ಅದನ್ನು ಅಲ್-ಖೈದಾ ಹತ್ಯಾಕಾಂಡವೆಂದು ಮುಖಪುಟದಲ್ಲಿ ಅಚ್ಚು ಹಾಕಿಬಿಟ್ಟಿತ್ತು.

ನಮ್ಮ ಕರಾವಳಿಯಲ್ಲೂ ಹೀಗಾದದ್ದು ನೆನಪಿದೆಯೆ? 2020ರ ಜನವರಿ 20, ಮಂಗಳೂರು ವಿಮಾನ ನಿಲ್ದಾಣದಲ್ಲಿ ಬಾಂಬ್ ಇದ್ದ ಚೀಲ. ಎರಡು ದಿನ ಊರ ಬಾಯಲ್ಲಿ ಯಾವ ಹೆಸರುಗಳು ಓಡಾಡಿದವು ಎಂಬುದು ಓದುಗರಿಗೂ ಗೊತ್ತು. 22ನೇ ತಾರೀಖು ಬೆಂಗಳೂರಿಗೆ ಬಂದು ಶರಣಾದವನು ಆದಿತ್ಯ ರಾವ್, ಉಡುಪಿ ಕಡೆಯ ಎಂಜಿನಿಯರ್. ಅಷ್ಟರಲ್ಲೇ ಮಾತಿನ ಧಾಟಿ ಬದಲಾಯಿತು. ಕೆಲಸ ಸಿಗದ ಹತಾಶೆಯಂತೆ, ಮನಸ್ಸಿನ ಸ್ಥಿಮಿತ ಸರಿಯಿಲ್ಲವಂತೆ. ಇರಬಹುದು. ಒಬ್ಬ ಮನುಷ್ಯ ಕೆಟ್ಟ ಕೆಲಸಕ್ಕೆ ಇಳಿದಾಗ ಅವನ ಬದುಕಿನಲ್ಲಿ ಏನಾಯಿತೆಂದು ಕೇಳುವುದು ಒಳ್ಳೆಯ ಪ್ರಶ್ನೆಯೇ. ಅದನ್ನು ಎಲ್ಲರ ವಿಷಯದಲ್ಲೂ ಕೇಳಲಿ ಎಂಬುದಷ್ಟೇ ನನ್ನ ಮಾತು. ಕೋರ್ಟು ಅವನ ಹೆಸರು ನೋಡದೆ ಕೃತ್ಯ ನೋಡಿತು. 2022ರಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಅಡಿ ಇಪ್ಪತ್ತು ವರ್ಷ ಶಿಕ್ಷೆ ಕೊಟ್ಟಿತು. ಚೀಲದ ಸುದ್ದಿ ಬಂದ ದಿನದ ಅಬ್ಬರದ ನೂರರಲ್ಲಿ ಒಂದು ಪಾಲೂ ಆ ತೀರ್ಪಿನ ದಿನ ಕೇಳಿಸಲಿಲ್ಲ.

ಅದೇ ಮಂಗಳೂರಿನಲ್ಲಿ 2022ರ ನವೆಂಬರ್ 19ರಂದು ಆಟೋದಲ್ಲಿ ಕುಕ್ಕರ್ ಬಾಂಬ್ ಸಿಡಿಯಿತು. ಹೊತ್ತೊಯ್ಯುತ್ತಿದ್ದವನು ನಮ್ಮ ತೀರ್ಥಹಳ್ಳಿಯವನು, ಅವನ ಬಳಿ ಇದ್ದ ಆಧಾರ್ ಕಾರ್ಡ್ ಬೇರೊಬ್ಬರದು. ಕಾರ್ಡಿನ ಮೇಲಿದ್ದ ಹಿಂದೂ ಹೆಸರಿನ ಸರ್ಕಾರಿ ನೌಕರರನ್ನು ಪೊಲೀಸರು ಕೇಳಿದರು. ಕಾರ್ಡ್ ಎಲ್ಲೋ ಕಳೆದುಹೋಗಿತ್ತು ಎಂದರು, ಪರಿಶೀಲಿಸಿ ಅವರನ್ನು ಬಿಟ್ಟರು. ಒಂದು ದಿನದೊಳಗೆ ಮುಗಿಯಿತು. ಪೊಲೀಸರು ಮಾಡಬೇಕಾದದ್ದು ಹೀಗೆಯೇ. ಅವರ ಕಾರ್ಡ್ ಬಾಂಬ್ ಹೊತ್ತವನ ಜೇಬಿನಲ್ಲೇ ಇತ್ತು. ಹನೀಫರ ಸಿಮ್ 300 ಕಿಲೋಮೀಟರ್ ಆಚೆ ಇತ್ತು. ಒಬ್ಬರಿಗೆ ಒಂದು ದಿನ, ಇನ್ನೊಬ್ಬರಿಗೆ ಇಪ್ಪತ್ತೈದು ದಿನ. ದೇಶ ಬೇರೆ, ಕಾನೂನು ಬೇರೆ ಎನ್ನುವವರು ಕಲಬುರಗಿಯ 8,150ನ್ನು ಪಕ್ಕದಲ್ಲಿಟ್ಟು ನೋಡಲಿ.

ಇನ್ನು ಸಾವಿನ ವಿಷಯ. 2022ರ ಜುಲೈ 19ರಿಂದ 28ರೊಳಗೆ, ಹತ್ತೇ ದಿನಗಳಲ್ಲಿ, ದಕ್ಷಿಣ ಕನ್ನಡದಲ್ಲಿ ಮೂವರು ಯುವಕರ ಮೇಲೆ ದಾಳಿಯಾಗಿ ಮೂವರೂ ಸತ್ತರು. ಮೊದಲನೆಯವನು ಕಾಸರಗೋಡಿನಿಂದ ಬೆಳ್ಳಾರೆ ಹತ್ತಿರದ ಕಳಂಜದ ಅಜ್ಜಿಮನೆಗೆ ಬಂದಿದ್ದ ಹದಿನೆಂಟರ ಹುಡುಗ. ಎರಡನೆಯವರು ಬೆಳ್ಳಾರೆಯಲ್ಲೇ ಕೋಳಿ ಅಂಗಡಿ ನಡೆಸುತ್ತಿದ್ದ ಪ್ರವೀಣ್ ನೆಟ್ಟಾರು. ಮೂರನೆಯವನು ಸುರತ್ಕಲ್ಲಿನ ಬಟ್ಟೆ ಅಂಗಡಿ ಮುಂದೆ ಕೊಲೆಯಾದವನು. ಮೂರೂ ಕೊಲೆಯೇ. ಅಂದಿನ ಮುಖ್ಯಮಂತ್ರಿ ಪ್ರವೀಣರ ಮನೆಗೆ ಮಾತ್ರ ಹೋಗಿ ಸರ್ಕಾರದ 25 ಲಕ್ಷ ರೂಪಾಯಿ ಕೊಟ್ಟು ಬಂದರು. ಆ ಒಂದೇ ಪ್ರಕರಣ ಎನ್‌ಐಎಗೆ ಹೋಯಿತು. ಆ ಮನೆಗೆ ಹೋದದ್ದು, ಕೊಟ್ಟದ್ದು ನೂರಕ್ಕೆ ನೂರು ಸರಿ. ಮಿಕ್ಕ ಎರಡು ಮನೆಗಳ ಅಮ್ಮಂದಿರಿಗೆ ಆಗ ಬಂದ ಸರ್ಕಾರಿ ಪರಿಹಾರ ಸೊನ್ನೆ. ಸರ್ಕಾರ ಬದಲಾದ ಮೇಲೆ, ಹತ್ತಿರ ಹತ್ತಿರ ಹನ್ನೊಂದು ತಿಂಗಳು ಕಳೆದು, 2023ರ ಜೂನ್‌ನಲ್ಲಿ ಅವರಿಗೂ ತಲಾ 25 ಲಕ್ಷ ಸಿಕ್ಕಿತು. ಅದೇ ದಿನ ಚೆಕ್ ಪಡೆದವರಲ್ಲಿ 2018ರಲ್ಲಿ ಕೊಲೆಯಾದ ಕಾಟಿಪಳ್ಳದ ದೀಪಕ್ ರಾವ್ ಅವರ ಮನೆಯವರೂ ಇದ್ದರು. ಸತ್ತ ಮಗನ ಬೆಲೆ ಅಧಿಕಾರದಲ್ಲಿರುವ ಪಕ್ಷದ ಮೇಲೆ ನಿಂತಿದೆ ಎಂದು ಒಬ್ಬ ತಾಯಿಗೆ ಅನ್ನಿಸಿದರೆ, ಯಾವ ಧರ್ಮದವಳೇ ಆಗಲಿ, ಆಕೆಗೆ ಏನೆಂದು ಸಮಾಧಾನ ಹೇಳುವುದು?

ಶಿವಮೊಗ್ಗಕ್ಕೆ ಬರುತ್ತೇನೆ. 2021ರ ಜನವರಿ 21, ರಾತ್ರಿ ಹತ್ತು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ಊಟ ಮುಗಿಸಿ ಮಲಗುತ್ತಿದ್ದ ಜಿಲ್ಲೆ ನಡುಗಿತು. ಭೂಕಂಪವೆಂದು ಜನ ಮನೆಯಿಂದ ಹೊರಗೆ ಓಡಿ ಬಂದರು, ಕಿಟಕಿ ಗಾಜು ಒಡೆದವು, ಗೋಡೆ ಬಿರುಕು ಬಿಟ್ಟವು. ಸದ್ದು ನೆರೆಯ ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳಿಗೂ ಕೇಳಿಸಿತು. ನಗರದ ಅಂಚಿನ ಹುಣಸೋಡಿನ ಕಲ್ಲುಕ್ವಾರಿಯಲ್ಲಿ ಜಿಲೆಟಿನ್ ತುಂಬಿದ್ದ ವಾಹನ ಸಿಡಿದಿತ್ತು. ಆರು ಮಂದಿ ಛಿದ್ರವಾಗಿದ್ದರು. ಸುಮಾರು ಒಂದು ತಿಂಗಳು ಕಳೆದು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಮತ್ತೊಮ್ಮೆ ಜಿಲೆಟಿನ್, ಮತ್ತೆ ಆರು ಜೀವ. ಒಟ್ಟು ಹನ್ನೆರಡು.

ಈಗ ಇದರ ಎದುರಿಗೆ ಇಡುವ ಲೆಕ್ಕ ಓದಿ. ಬೆಂಗಳೂರಿನ 2008ರ ಸರಣಿ ಸ್ಫೋಟ, 2010ರ ಚಿನ್ನಸ್ವಾಮಿ ಕ್ರೀಡಾಂಗಣ, 2013ರ ಮಲ್ಲೇಶ್ವರ, 2014ರ ಚರ್ಚ್ ಸ್ಟ್ರೀಟ್, 2022ರ ಮಂಗಳೂರಿನ ಕುಕ್ಕರ್, 2024ರ ರಾಮೇಶ್ವರಂ ಕೆಫೆ. ಈ ಆರೂ ಸ್ಫೋಟಗಳಲ್ಲಿ ಸತ್ತವರನ್ನು ಕೂಡಿಸಿದರೂ ಒಂದು ಕೈಯ ಬೆರಳು ಮಿಗುತ್ತವೆ. ಹದಿನಾರು ವರ್ಷಗಳ ಈ ಆರು ಘಟನೆಗಳಿಗಿಂತ, ಒಂದು ತಿಂಗಳ ಎರಡು ಕ್ವಾರಿಗಳು ಹೆಚ್ಚು ಜನರನ್ನು ಕೊಂದವು. ರಸ್ತೆಯ ಮಾತು ಬೇರೆಯೇ ಇದೆ. 2022ರ ಒಂದೇ ವರ್ಷದಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು 11,702 ಮಂದಿ, ದಿನಕ್ಕೆ ಮೂವತ್ತೆರಡು.

ಬಾಂಬ್ ಇಟ್ಟವನಿಗೂ ಕ್ವಾರಿ ಮಾಲೀಕನಿಗೂ ವ್ಯತ್ಯಾಸವಿಲ್ಲ ಎಂದು ನಾನು ಹೇಳುತ್ತಿಲ್ಲ. ಕೊಲ್ಲಬೇಕೆಂದೇ ಕಟ್ಟಿದ ಕುಕ್ಕರ್ ಬಾಂಬಿಗೂ ದುಡ್ಡಿನಾಸೆಗೆ ನಿಯಮ ಗಾಳಿಗೆ ತೂರಿದ ಅಜಾಗರೂಕತೆಗೂ ಕಾನೂನಿನಲ್ಲಿ ಅಂತರವಿದೆ, ಮನಸ್ಸಿನಲ್ಲೂ ಇರಬೇಕು. ಕೆಫೆಯಲ್ಲಿ ಇಡ್ಲಿ ತಿನ್ನುತ್ತಿದ್ದವರ ನಡುವೆ ಸ್ಫೋಟಕ ಇಡುವವನ ಕ್ರೌರ್ಯಕ್ಕೆ ಸಾವಿನ ಸಂಖ್ಯೆ ಅಳತೆಗೋಲಲ್ಲ. ಆದರೆ ಆರು ಹೆಣಗಳ ಮುಂದೆ ಊರಿಗೆ ಊರೇ ನಡುಗಿದ ಘಟನೆ ವಾರದೊಳಗೆ ಟಿ.ವಿ. ಪರದೆಯಿಂದ ಮಾಯವಾದದ್ದು ಏಕೆ? ಆ ಜಿಲೆಟಿನ್ ಯಾವ ರಸ್ತೆಯಲ್ಲಿ, ಎಷ್ಟು ಪೊಲೀಸ್ ಠಾಣೆ ದಾಟಿ, ಯಾರ ಲೈಸೆನ್ಸಿನಲ್ಲಿ ಬಂತೆಂದು ದಿನಗಟ್ಟಲೆ ಚರ್ಚೆ ಕೂಡಿಸಿದವರು ಯಾರು? ಅಲ್ಲಿ ಬೈಯಲು ಒಂದು ಸಮುದಾಯ ಸಿಗಲಿಲ್ಲ. ನನಗೆ ಕಾಣುವ ಕಾರಣ ಇದೊಂದೇ.

ಇದಕ್ಕೆ ಪ್ರತಿಯಾಗಿ 2023ರ ನವೆಂಬರ್ 5ರ ಭಾನುವಾರ. ಶಿವಮೊಗ್ಗ ರೈಲು ನಿಲ್ದಾಣದ ಬಳಿ ವಾರಸುದಾರರಿಲ್ಲದ ಎರಡು ಪೆಟ್ಟಿಗೆ. ಬೆಂಗಳೂರಿನಿಂದ ಬಾಂಬ್ ನಿಷ್ಕ್ರಿಯ ದಳ ಬಂತು, ತಡರಾತ್ರಿಯವರೆಗೆ ಕೆಲಸ ಮಾಡಿತು, ಬೀಗ ಸಿಡಿಸಿ ತೆರೆದರೆ ಒಳಗಿದ್ದದ್ದು ಉಪ್ಪು ಮತ್ತು ಕಸ. ಪೊಲೀಸರು ಎಚ್ಚರ ತಪ್ಪಲಿಲ್ಲ, ಅವರನ್ನು ಹೊಗಳಬೇಕು. ಅದೇ ಎಚ್ಚರ ಜಿಲೆಟಿನ್ ವಾಹನಕ್ಕೆ ಸಿಕ್ಕಿದ್ದರೆ ಹುಣಸೋಡಿನಲ್ಲಿ ಆರು ಮಂದಿ ಬದುಕಿರುತ್ತಿದ್ದರು.

ತೀರ್ಥಹಳ್ಳಿಯ ಹೆಸರು ಕೆಟ್ಟದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕುಕ್ಕರ್ ಪ್ರಕರಣ, ಆಮೇಲೆ ರಾಮೇಶ್ವರಂ ಕೆಫೆ, ಎರಡರಲ್ಲೂ ಆರೋಪಿಗಳು ಆ ಊರಿನವರು. ಆರೋಪ ಸಣ್ಣದಲ್ಲ, ಸಾಬೀತಾದರೆ ಶಿಕ್ಷೆಯಾಗಲಿ. ತಾಲ್ಲೂಕಿನ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 1.4 ಲಕ್ಷ. ಬೆರಳಲ್ಲಿ ಎಣಿಸುವಷ್ಟು ಮಂದಿಗಾಗಿ ಅಷ್ಟೂ ಜನರ ಊರನ್ನು ಉಗ್ರರ ತಾಣವೆಂದು ಕರೆದರು. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಎರಡು, ಕುವೆಂಪು ಅವರದು ಮತ್ತು ಅನಂತಮೂರ್ತಿಯವರದು, ಇದೇ ತಾಲ್ಲೂಕಿನವರದು. ಕುಕ್ಕರ್ ಸಿಡಿದಾಗ ರಾಜ್ಯದ ಗೃಹ ಸಚಿವರೂ ತೀರ್ಥಹಳ್ಳಿಯವರೇ. ಜಿಲ್ಲೆಯಲ್ಲಿ ಮುಸ್ಲಿಮರು ಎರಡು ಲಕ್ಷಕ್ಕೂ ಹೆಚ್ಚಿದ್ದಾರೆ. ಜಿಲ್ಲೆಯಿಂದ ಇಂಥ ಪ್ರಕರಣಗಳಲ್ಲಿ ಹೆಸರು ಬಂದವರನ್ನು ಇಪ್ಪತ್ತೆಂದೇ ಹಿಡಿಯಿರಿ, ಆಗಲೂ ಹತ್ತು ಸಾವಿರಕ್ಕೆ ಒಬ್ಬರೂ ಆಗುವುದಿಲ್ಲ. ಬಾಡಿಗೆ ಮನೆ ಕೇಳಿ ಹೋದಾಗ ಹೆಸರು ಕೇಳಿ ಬಾಗಿಲು ಹಾಕಿಸಿಕೊಳ್ಳುವವರು ಉಳಿದ 9,999 ಮಂದಿ. ಇನ್ನೂ ವಿಚಿತ್ರವೆಂದರೆ, ಕೆಫೆ ಸ್ಫೋಟದ ಆರೋಪಿಗಳು ಸಿಕ್ಕುವ ಮುಂಚೆ ಕೇಂದ್ರದ ಸಚಿವೆಯೊಬ್ಬರು ತಮಿಳುನಾಡಿನ ಜನರತ್ತ ಬೆರಳು ತೋರಿಸಿ, ಆಮೇಲೆ ಕ್ಷಮೆ ಕೇಳಬೇಕಾಯಿತು. ಬೆರಳು ಮೊದಲು ಎದ್ದುಬಿಡುತ್ತದೆ, ಯಾರ ಕಡೆ ಎಂಬುದು ಆಮೇಲಿನ ಮಾತು.

ಈ ಅವಸರಕ್ಕೆ ಬೆಲೆ ತೆರುವವರಲ್ಲಿ ಸತ್ತವರೂ ಸೇರಿದ್ದಾರೆ ಎಂಬುದನ್ನು ನಾವು ಮರೆಯುತ್ತೇವೆ. ಮುಂಬಯಿ ಲೋಕಲ್ ರೈಲುಗಳಲ್ಲಿ 2006ರ ಜುಲೈ 11ರಂದು ಬಾಂಬ್ ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. ಹತ್ತೊಂಬತ್ತು ವರ್ಷ ಕಳೆದು 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಹನ್ನೆರಡೂ ಆರೋಪಿಗಳನ್ನು ಖುಲಾಸೆ ಮಾಡಿತು, ವಿಷಯ ಈಗ ಸುಪ್ರೀಂ ಕೋರ್ಟ್ ಮುಂದಿದೆ. 2007ರ ಫೆಬ್ರುವರಿಯ ಸಂಝೌತಾ ರೈಲಿನಲ್ಲಿ 68 ಜನ, ಆರೋಪಿಗಳು 2019ರಲ್ಲಿ ಖುಲಾಸೆ. ಹೈದರಾಬಾದಿನ ಮೆಕ್ಕಾ ಮಸೀದಿಯಲ್ಲಿ 9 ಜನ, ಆರೋಪಿಗಳು 2018ರಲ್ಲಿ ಖುಲಾಸೆ. 2008ರ ಮಾಲೆಗಾಂವ್‌ನಲ್ಲಿ 6 ಜನ, ಏಳೂ ಆರೋಪಿಗಳು 2025ರ ಜುಲೈ 31ರಂದು ಖುಲಾಸೆ. ಮೊದಲನೆಯದರಲ್ಲಿ ಆರೋಪಿಗಳು ಮುಸ್ಲಿಮರು, ಮಿಕ್ಕ ಮೂರರಲ್ಲಿ ಹಿಂದೂಗಳು. ಒಂದು ಗುಂಪಿನ ಖುಲಾಸೆಗೆ ಒಂದು ಕಡೆಯವರು ಕುಣಿದರು, ಇನ್ನೊಂದು ಗುಂಪಿನ ಖುಲಾಸೆಗೆ ಇನ್ನೊಂದು ಕಡೆಯವರು. ನಾಲ್ಕನ್ನೂ ಕೂಡಿಸಿ: 260ಕ್ಕೂ ಹೆಚ್ಚು ಹೆಣ, ಇವತ್ತಿಗೆ ಶಿಕ್ಷೆ ಅನುಭವಿಸುತ್ತಿರುವವರು ಒಬ್ಬರೂ ಇಲ್ಲ. ಕೊಂದವರು ಯಾರೆಂದು ಆ ಮನೆಗಳಿಗೆ ಇನ್ನೂ ಯಾರೂ ಹೇಳಿಲ್ಲ. ಟಿ.ವಿ. ಮಾತ್ರ ಮೊದಲ ರಾತ್ರಿಯೇ ಹೇಳಿ ಮುಗಿಸಿತ್ತು.

ಟಾಡಾ ಜಾರಿಯಲ್ಲಿದ್ದ ಕಾಲದಲ್ಲಿ ದೇಶದಲ್ಲಿ 76,000ಕ್ಕೂ ಹೆಚ್ಚು ಜನರನ್ನು ಹಿಡಿದಿದ್ದರು. ಶಿಕ್ಷೆಯಾದವರು ನೂರಕ್ಕೆ ಇಬ್ಬರೂ ಇಲ್ಲ. 1995ರಲ್ಲಿ ಆ ಕಾನೂನು ಸತ್ತಿತು, ಅದರ ಅಡಿ ಸಿಕ್ಕಿಕೊಂಡ ಕಲಬುರಗಿಯ ಹುಡುಗ ಇನ್ನೂ ಇಪ್ಪತ್ತೊಂದು ವರ್ಷ ಒಳಗಿದ್ದ. ಯುಎಪಿಎ ಕಥೆಯೂ ಬೇರೆಯಲ್ಲ. 2016ರಿಂದ 2020ರವರೆಗಿನ ಪ್ರಕರಣಗಳಲ್ಲಿ 24,134 ಮಂದಿ, ಶಿಕ್ಷೆ 212 ಮಂದಿಗೆ, ಖುಲಾಸೆ 386. ಸಂಸತ್ತಿಗೆ ಸರ್ಕಾರವೇ ಕೊಟ್ಟ ಅಂಕಿ ಇದು. ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಮಂದಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ನಿರಪರಾಧಿಯೆಂದು ಹೊರಬಂದವರಿಗೆ ಏನು ಸಿಗುತ್ತದೆ? ಹನೀಫರಿಗೆ ಆಸ್ಟ್ರೇಲಿಯಾ 2010ರ ಡಿಸೆಂಬರಿನಲ್ಲಿ ಪರಿಹಾರ ಕೊಟ್ಟಿತು. ಸುಳ್ಳು ಬೇಹುಗಾರಿಕೆ ಪ್ರಕರಣದಲ್ಲಿ ಸಿಲುಕಿದ್ದ ಇಸ್ರೋದ ನಂಬಿ ನಾರಾಯಣನ್ ಅವರಿಗೆ ನಮ್ಮ ಸುಪ್ರೀಂ ಕೋರ್ಟ್ 50 ಲಕ್ಷ ಕೊಡಿಸಿತು, ಅದಕ್ಕಾಗಿ ಆ ವಿಜ್ಞಾನಿ ಇಪ್ಪತ್ತನಾಲ್ಕು ವರ್ಷ ಹೋರಾಡಿದರು. ಸಾಮಾನ್ಯನಿಗೆ ಕಾನೂನಿನ ಪುಸ್ತಕದಲ್ಲಿ ಬರೆದಿಟ್ಟಿರುವ ಮೊತ್ತ ಬೇರೆ. ಆಧಾರವಿಲ್ಲದೆ ಒಬ್ಬನನ್ನು ಬಂಧಿಸಲು ಕಾರಣನಾದವನಿಂದ ಮ್ಯಾಜಿಸ್ಟ್ರೇಟರು ಕೊಡಿಸಬಹುದಾದ ಪರಿಹಾರಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 358ನೇ ಕಲಂ ಒಂದು ಮಿತಿ ಹಾಕಿತ್ತು. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೇ ಕಲಂ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಆ ಮಿತಿ ಒಂದು ಸಾವಿರ ರೂಪಾಯಿ. ನಮ್ಮ ಕಡೆ ಅಡಿಕೆ ಮರ ಹತ್ತಿ ಕೊನೆ ಇಳಿಸುವ ನುರಿತ ಆಳಿನ ಹೆಚ್ಚುಕಡಿಮೆ ಒಂದು ದಿನದ ಕೂಲಿ. ಅದನ್ನು 8,150 ದಿನಕ್ಕೆ ಹಂಚಿದರೆ ದಿನಕ್ಕೆ ಹನ್ನೆರಡು ಪೈಸೆ.

ತಪ್ಪು ಮೊಕದ್ದಮೆಗೆ ಸಿಕ್ಕಿ ಬದುಕು ಕಳೆದುಕೊಂಡವರಿಗೆ ಸರ್ಕಾರವೇ ಪರಿಹಾರ ಕೊಡುವ ಕಾನೂನು ಬೇಕೆಂದು ಕೇಂದ್ರದ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತು. ವಿಶೇಷ ನ್ಯಾಯಾಲಯ ಇರಬೇಕು, ಕಾಲಮಿತಿ ಇರಬೇಕು, ಹಣದ ಜೊತೆಗೆ ಉದ್ಯೋಗ ತರಬೇತಿ, ಮನಸ್ಸಿನ ಚಿಕಿತ್ಸೆಯಂಥ ನೆರವೂ ಇರಬೇಕು ಎಂದಿತು. ಕಾನೂನಿಗೆ ಬೇಕಾದ ಕರಡನ್ನೂ ಬರೆದುಕೊಟ್ಟಿತು. ಅದು 2018ರ ಆಗಸ್ಟ್ 30ರ ಮಾತು. ಆ ಕರಡು ಇಂದಿಗೂ ಕಾನೂನಾಗಿಲ್ಲ. ಶಿವಮೊಗ್ಗದ ಸಂಸದರು, ಯಾವ ಪಕ್ಷದವರೇ ಇರಲಿ, ಲೋಕಸಭೆಯಲ್ಲಿ ಎದ್ದು ನಿಂತು ಆ ವರದಿ ಎಲ್ಲಿದೆ ಎಂದು ಕೇಳಲಿ. ಕುಂಸಿಯವರು ಮತ ಕೇಳಲು ಬಂದವರನ್ನು ಕೇಳಬೇಕಾದ ಪ್ರಶ್ನೆಯೂ ಇದೇ.